ಮೂರನೇ ಬಾಯಿ

4 ಮಾರ್ಚ್, ಸೋಮವಾರ

ಕ್ಯೂ ಅಲುಗುತ್ತಿಲ್ಲ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿವೆ, ಪೆನ್ನಿದೆ, ಬೈಯಲು ಎದುರಿಗೆ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇವರು ಮನೆಯಲ್ಲಿ ತೊಡೆಮೂಳೆಗೆ ರಾಡ್ ಹಾಕಿಸಿಕೊಂಡು ಮಂಚದ ಮೇಲೆ ಫ್ಯಾನ್ ನೋಡುತ್ತ ಮಲಗಿದ್ದಾರೆ. ನಾನು ಇಲ್ಲಿ, ಸಿಮೆಂಟ್ ಕಾರ್ಖಾನೆಯಲ್ಲಿ, ಇವರ ಬಲ್ಕರ್ ಲಾರಿಯ ಟ್ಯಾಂಕಿಗೆ ಸಿಮೆಂಟ್ ಪುಡಿ ತುಂಬಿಸಿಕೊಳ್ಳಲು ಕಾಯುತ್ತಿದ್ದೇನೆ. ನಾನು ಸ್ಕೂಲ್ ಬಸ್ ಓಡಿಸುತ್ತಿದ್ದವಳು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ನಡುವೆ ಮನೆ. ಮಕ್ಕಳು ಬಸ್ ಆಂಟಿ ಎನ್ನುತ್ತಿದ್ದರು. ಆ ಕೆಲಸ ಬಿಟ್ಟು ಬಂದೆ. ಮನೆಯಲ್ಲಿ ದೊಡ್ಡ ಗಾಡಿಯ ಲೈಸೆನ್ಸ್ ಇರುವುದು ನಮ್ಮಿಬ್ಬರಿಗೇ. ಗಾಡಿ ನಿಂತರೆ ಸಾಲದ ಕಂತು ನಿಲ್ಲುವುದಿಲ್ಲ. ಬೇರೆ ಡ್ರೈವರ್ ಇಟ್ಟರೆ ಬಂದದ್ದೆಲ್ಲ ಅವನ ಸಂಬಳಕ್ಕೇ ಸರಿ.

"ಎರಡು ತಿಂಗಳು ಅಷ್ಟೇ ಕಣೆ" ಎಂದರು ಇವರು. ಕಾಲು ಮುರಿದುಕೊಂಡವರ ಜೊತೆ ಜಗಳವಾಡುವಂತೆಯೂ ಇಲ್ಲ.

ಸೀಟಿನಲ್ಲಿ ಇವರ ಬೆನ್ನಿನ ಅಚ್ಚು ಬಿದ್ದಿದೆ. ಕನ್ನಡಿಗಳು ಇವರ ಎತ್ತರಕ್ಕಿವೆ. ನಾನು ಯಾವುದನ್ನೂ ಮುಟ್ಟಿಲ್ಲ. ಅವರ ಲಾರಿ, ಅವರೇ ಬಂದು ಕೂರಲಿ.

7 ಮಾರ್ಚ್, ಗುರುವಾರ

ಕಾರ್ಖಾನೆಯಲ್ಲಿ ಟ್ರಿಪ್ ಹಂಚುವವನಿಗೆ ಡ್ರೈವರ್‌ಗಳು ಇಟ್ಟಿರುವ ಹೆಸರು 'ಆಯ್ತಾಯ್ತು'. ಏನು ಕೇಳಿದರೂ ಆಯ್ತಾಯ್ತು ಎನ್ನುತ್ತಾನೆ, ಏನೂ ಆಗುವುದಿಲ್ಲ. ಗಾಜಿನ ಹಿಂದೆ ತಣ್ಣಗೆ ಕೂತಿರುತ್ತಾನೆ. ಕೆಳಗಿನ ಚಿಕ್ಕ ಕಿಂಡಿಗೆ ನಾವು ಬಗ್ಗಿ ಮಾತಾಡಬೇಕು.

ಇವರು ಬಿದ್ದದ್ದು ನಿಮ್ಮ ಕಾರ್ಖಾನೆಯೊಳಗೆ, ನಿಮ್ಮ ಲೋಡ್ ತುಂಬಿಸುವಾಗ, ಆಸ್ಪತ್ರೆಯ ಖರ್ಚಿಗೆ ನೀವೇನೂ ಕೊಡುವುದಿಲ್ಲವೇ ಎಂದು ಇಂದು ಬಗ್ಗಿ ಕೇಳಿದೆ.

"ಅಕ್ಕಾ, ನಿಮ್ಮದು ಅಟ್ಯಾಚ್ ಗಾಡಿ. ಯಜಮಾನ್ರು ನಮ್ಮ ನೌಕರರಲ್ಲ. ಅವರು ಓನರ್."

"ಓನರ್ರಾ? ಹೋದ ತಿಂಗಳು ಇವರು ಒಂದು ದಿನ ರಜ ಬೇಕು ಅಂದಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದ್ರಲ್ಲ, ಆವಾಗ ಓನರ್ ಆಗಿರ್ಲಿಲ್ವಾ?"

"ಆಯ್ತಾಯ್ತು, ಮೇಲಿನವ್ರಿಗೆ ಹೇಳ್ತೀನಿ."

ಗಾಡಿ ನಮ್ಮದು, ಟೈರು ನಮ್ಮದು, ರಿಪೇರಿ ನಮ್ಮದು. ಬಾಗಿಲ ಮೇಲೆ ಬರೆದಿರುವ ಹೆಸರು ಮಾತ್ರ ಕಂಪನಿಯದು. ಅವರು ಹೇಳಿದ ಲೋಡು, ಅವರು ಹೇಳಿದ ಹೊತ್ತು. ಬೇರೆಯವರ ಒಂದು ಚೀಲವನ್ನೂ ಹೊರುವಂತಿಲ್ಲ. ಬೈಯುವಾಗ ಡ್ರೈವರ್, ಮೂಳೆ ಮುರಿದರೆ ಓನರ್. ಇದಕ್ಕೇ ಅಟ್ಯಾಚ್ ಎನ್ನುವುದು.

ಸಿಮೆಂಟ್ ಸುರಿಯುವ ದಪ್ಪ ಕೊಳವೆಗಳಿಗೆ ಇಲ್ಲಿ ಬಾಯಿ ಎನ್ನುತ್ತಾರೆ. ಮೂರು ಬಾಯಿಗಳಿವೆ. ಗಾಡಿಯನ್ನು ಬಾಯಿಯ ಕೆಳಗೆ ನಿಲ್ಲಿಸಿ, ಪಕ್ಕದ ಕಬ್ಬಿಣದ ಮೆಟ್ಟಿಲು ಹತ್ತಿ, ಅಟ್ಟಣೆಯಿಂದ ಟ್ಯಾಂಕಿನ ಬೆನ್ನ ಮೇಲೆ ಕಾಲಿಟ್ಟು ಮುಚ್ಚಳ ತೆಗೆಯಬೇಕು. ಒಂದನೇ ಮತ್ತು ಎರಡನೇ ಬಾಯಿಯ ಅಟ್ಟಣೆಗೆ ಕಂಬಿಗಳಿವೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹಗ್ಗವಿದೆ. ಅಲ್ಲಿ ನಿಲ್ಲುವುದು ಕಂಪನಿಯ ಸ್ವಂತ ಗಾಡಿಗಳು. ಮೂರನೆಯದರ ಕಂಬಿಗೆ ಎಂದೋ ಒಂದು ಗಾಡಿ ಗುದ್ದಿತಂತೆ. ಸೊಟ್ಟಗಾದದ್ದನ್ನು ಕತ್ತರಿಸಿ ತೆಗೆದರು, ಮತ್ತೆ ಹಾಕಲಿಲ್ಲ. ಅಟ್ಯಾಚ್ ಗಾಡಿಗಳಿಗೆಲ್ಲ ಮೂರನೇ ಬಾಯಿ.

ಇವರು ಬಿದ್ದದ್ದು ಅಲ್ಲಿಂದಲೇ. ನಾನು ದಿನಾ ಹತ್ತುವುದೂ ಅಲ್ಲಿಗೇ.

11 ಮಾರ್ಚ್, ಸೋಮವಾರ

ನಿನ್ನೆ ಮನೆಗೆ ಹೋದವಳೇ ತಲೆಗೆ ನೀರು ಸುರಿದುಕೊಂಡೆ. ಕೂದಲಲ್ಲಿದ್ದ ಪುಡಿ ನೀರು ಕುಡಿದು ಕಲ್ಲಾಯಿತು. ಅತ್ತೆ ಬೆನ್ನ ಹಿಂದೆ ಕೂತು ಎಣ್ಣೆ ಹಚ್ಚಿ ಎಳೆ ಎಳೆ ಬಿಡಿಸಿದರು. ಬಿಡದ ಕಡೆ ಕತ್ತರಿ.

"ಒಣಗಿದ್ದಾಗಲೇ ಕೊಡವಿ ಬಾಚ್ಕೋಬೇಕು. ಆಮೇಲೆ ನೀರು" ಎಂದರು ಮಂಚದಿಂದ ಇವರು.

"ಮೊದಲೇ ಹೇಳಕ್ಕೆ ಏನಾಗಿತ್ತು ರೀ?"

"ನೀನು ಕೇಳ್ಲಿಲ್ವಲ್ಲ."

ಅತ್ತೆ ಕತ್ತರಿ ಹಿಡಿದುಕೊಂಡೇ ಮಗನ ಕಡೆ ತಿರುಗಿದರು. "ನಿನ್ನ ನಾಲಿಗೇನೂ ಸ್ವಲ್ಪ ಚಿಕ್ಕದು ಮಾಡ್ಲೇನೋ?"

ಅತ್ತೆ ನನ್ನ ಪರವಾಗಿ ಮಾತಾಡಿದ್ದು ಮದುವೆಯಾದ ಮೇಲೆ ಇದೇ ಮೊದಲು. ಅದಕ್ಕೂ ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಎಲ್ಲಿ ಅಡಗಿತ್ತು ಈ ಮಾತು?

19 ಮಾರ್ಚ್, ಮಂಗಳವಾರ

ಇಡೀ ಕಾರ್ಖಾನೆಗೆ ಹೆಂಗಸರ ಶೌಚಾಲಯ ಒಂದೇ, ಆಫೀಸಿನ ಹಿಂದೆ. ಅದರ ಕೀಲಿ ಆಯ್ತಾಯ್ತುವಿನ ಮೇಜಿನ ಡ್ರಾದಲ್ಲಿ. ಪ್ರತಿ ಸಲ ಕಿಂಡಿಗೆ ಬಗ್ಗಿ ಕೇಳಬೇಕು. ಅವನು ಫೋನಿನಲ್ಲಿ ಮಾತು ಮುಗಿಸುವವರೆಗೆ ನಿಲ್ಲಬೇಕು. ಕ್ಯೂನಲ್ಲಿರುವವರೆಲ್ಲ ನನ್ನ ಬೆನ್ನು ನೋಡುತ್ತಿರುತ್ತಾರೆ.

ಇಂದು ಕೀಲಿ ವಾಪಸ್ ಕೊಡಲಿಲ್ಲ. ಗೇಟಿನ ಹತ್ತಿರ ಓಡಿ ಬಂದು, "ಅಕ್ಕಾ, ಕೀ ಕೊಡ್ಬೇಕಲ್ಲ" ಎಂದ.

"ಆಯ್ತಾಯ್ತು" ಎಂದು ಹೇಳಿ ಗಾಡಿ ಬಿಟ್ಟೆ.

23 ಮಾರ್ಚ್, ಶನಿವಾರ

ಕಟ್ಟಡ ಕೆಲಸದ ಜಾಗದಲ್ಲಿ ಮಾನ ಹೋಯಿತು. ತುಂಬಿಸುವುದಾದರೂ ಸುಲಭ, ಮೇಲಿನಿಂದ ಬೀಳುತ್ತದೆ. ಇಳಿಸುವಾಗ ಹೋಸ್ ಜೋಡಿಸಿ, ಕಂಪ್ರೆಸರ್‌ನಿಂದ ಟ್ಯಾಂಕಿಗೆ ಗಾಳಿ ತುಂಬಿ, ಪುಡಿಯನ್ನು ಸೈಲೊ ಎನ್ನುವ ಎತ್ತರದ ಕಬ್ಬಿಣದ ಕಣಜಕ್ಕೆ ಊದಬೇಕು. ನಾನು ಹೋಸಿನ ಕ್ಲಾಂಪ್ ಸರಿಯಾಗಿ ಬಿಗಿಮಾಡಿರಲಿಲ್ಲ. ಅದು ಕಳಚಿಕೊಂಡು ಹೆಡೆ ಎತ್ತಿದ ಹಾವಿನ ಹಾಗೆ ಕುಣಿಯಿತು. ಇಡೀ ಅಂಗಳ ಬೂದಿ. ಮೇಸ್ತ್ರಿ ಹೆಂಗಸೆಂದೂ ನೋಡದೆ ಬೈದ. ಆಮೇಲೆ ಹೆಂಗಸೆಂದು ನೋಡಿ ಇನ್ನೂ ಬೈದ.

ಹಿಂದಿನ ಗಾಡಿ ಗಡ್ಡಪ್ಪನದು. ಅವನದೂ ಅಟ್ಯಾಚ್ ಗಾಡಿಯೇ, ವಯಸ್ಸಿನಲ್ಲಿ ಇವರಿಗಿಂತ ದೊಡ್ಡವನು. ಗಡ್ಡದ ಬೂದಿ ಬಣ್ಣ ವಯಸ್ಸಿನದೋ, ಸಿಮೆಂಟಿನದೋ ಯಾರಿಗೂ ಗೊತ್ತಿಲ್ಲ. ಗಾಡಿಗೆ ಒರಗಿಕೊಂಡು ಹೊಟ್ಟೆ ಹಿಡಿದು ನಕ್ಕ.

"ಬಸ್ಸಿಂದ ಮಕ್ಕಳು ತಾವೇ ಇಳೀತವೆ ತಂಗ್ಯಮ್ಮ. ಸಿಮೆಂಟ್ ಇಳಿಯಲ್ಲ!"

ನಕ್ಕು ಮುಗಿದ ಮೇಲೆ ಬಂದು ಕ್ಲಾಂಪ್ ಹೇಗೆ ಕೂರಿಸಬೇಕೆಂದು ತೋರಿಸಿದ. ಟ್ಯಾಂಕಿನ ಕೆಳಹೊಟ್ಟೆಗೆ ಮರದ ಸುತ್ತಿಗೆಯಿಂದ ತಟ್ಟಿ, ಒಳಗೆ ಎಷ್ಟು ಉಳಿದಿದೆಯೆಂದು ಸದ್ದಿನಲ್ಲೇ ತಿಳಿಯುವುದನ್ನೂ ತೋರಿಸಿದ. ನಾನು ಉಪಕಾರವಾಯಿತು ಎನ್ನಲಿಲ್ಲ. ನಕ್ಕದ್ದು ಮೊದಲು, ತೋರಿಸಿದ್ದು ಆಮೇಲೆ.

28 ಮಾರ್ಚ್, ಗುರುವಾರ

ಈ ಗಾಡಿಯ ಕೀಲುಗಳು ಗ್ರೀಸ್ ಕಂಡು ಯಾವ ಕಾಲವಾಯಿತೋ! ಹಿಂದಿನ ಎಡಗಡೆ ಟೈರು ಒಂದೇ ಪಕ್ಕ ಸವೆದಿದೆ, ಟ್ಯಾಂಕಿನ ಏಣಿಯ ಬೋಲ್ಟ್ ಸಡಿಲ. ಸಂಜೆ ಇವರನ್ನು ಕೇಳಿದರೆ, "ಅಷ್ಟು ಸಡಿಲ ಇದ್ರೂ ಓಡುತ್ತೆ ಬಿಡು" ಎಂದರು. ಗಾಡಿಯನ್ನು ಹೀಗಾ ಇಟ್ಟುಕೊಳ್ಳುವುದು?

ಎಲ್ಲ ಮಾಡಿಸಿದೆ. ಹಾಗೇ ಸೀಟನ್ನು ಮುಂದಕ್ಕೆ ಎಳೆದು, ಕನ್ನಡಿ ಕೆಳಗಿಳಿಸಿದೆ. ಸೊಂಟ ನೋವಿಗೆ, ಬೇರೇನಿಲ್ಲ.

9 ಏಪ್ರಿಲ್, ಮಂಗಳವಾರ

ಅಕ್ಷರ ಸೊಟ್ಟ ಬರುತ್ತಿದೆ.

ನನ್ನ ಮುಂದೆ ಮೂರನೇ ಬಾಯಿಯಲ್ಲಿ ಗಡ್ಡಪ್ಪನ ಗಾಡಿ. ಅವನು ಮುಚ್ಚಳ ಹಾಕಿ ಅಟ್ಟಣೆಗೆ ವಾಪಸ್ ಕಾಲಿಡುವಾಗ ಪುಡಿಯ ಮೇಲೆ ಜಾರಿದ. ಒಂದು ಕೈಗೆ ಟ್ಯಾಂಕಿನ ಏಣಿ ಸಿಕ್ಕಿತು. ಕಾಲುಗಳು ಗಾಳಿಯಲ್ಲಿ. ಕೆಳಗೆ ಕಾಂಕ್ರೀಟ್. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಒದ್ದಾಡಿ ಒದ್ದಾಡಿ ಹೇಗೋ ಏಣಿಗೆ ಕಾಲು ಸಿಕ್ಕಿಸಿ ಇಳಿದು ಬಂದ. ಬಂದವನೇ ಗಡ್ಡ ಕೊಡವಿಕೊಂಡು, "ಏನಾಗ್ಲಿಲ್ಲ, ಏನಾಗ್ಲಿಲ್ಲ, ನಡೀರಿ" ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು. ಇವರು ಬಿದ್ದ ದಿನವೂ, ನೆಲ ಮುಟ್ಟುವವರೆಗೆ, ಏನೂ ಆಗಿರಲಿಲ್ಲ.

ಕಿಂಡಿಗೆ ಹೋದೆ. ಈ ಸಲ ಬಗ್ಗಲಿಲ್ಲ. ಗಾಜು ತಟ್ಟಿದೆ. ಅವನೇ ಎದ್ದು ನಿಂತ.

"ಆ ಕಂಬಿ ಯಾವಾಗ ಹಾಕ್ತೀರಿ?"

"ಆಯ್ತಾಯ್ತು ಅಕ್ಕಾ, ಮೇಲಿನವ್ರಿಗೆ..."

"ಮೇಲಿನವ್ರನ್ನೇ ಒಂದು ಸಲ ಆ ಅಟ್ಟಣೆ ಮೇಲೆ ಹತ್ತಿಸಿ."

10 ಏಪ್ರಿಲ್, ಬುಧವಾರ

ಇವರಿಗೆ ಎಲ್ಲ ಹೇಳಿದೆ. ಗಡ್ಡಪ್ಪನ ಸುದ್ದಿ ಕೇಳಿ ಮುಖ ಸಣ್ಣದಾಯಿತು. ಆದರೂ ಬಾಯಿಂದ ಬಂದದ್ದು, "ನೀನು ಸುಮ್ನಿರು. ಕಂಪನಿಯವರ ಕೆಂಗಣ್ಣಿಗೆ ಬಿದ್ರೆ ಟ್ರಿಪ್ ಕೊಡಲ್ಲ. ನಾನೂ ಅಷ್ಟು ವರ್ಷ ಅಲ್ಲೇ ಹತ್ತಿದ್ದೀನಿ."

"ಹತ್ತಿದ್ರಿ. ಇಳಿದದ್ದು ಹೇಗೆ?"

ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂದದ್ದು ತಪ್ಪೇನೋ. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

15 ಏಪ್ರಿಲ್, ಸೋಮವಾರ

ಇಂದು ಆದದ್ದನ್ನು ಸರಿಯಾಗಿ ಬರೆದಿಡುತ್ತೇನೆ. ನಾಳೆ ಯಾರಾದರೂ ಬೇರೆ ಕಥೆ ಹೇಳಿದರೆ ನನಗಾದರೂ ನೆನಪಿರಲಿ.

ಮೊದಲೇ ಯೋಚಿಸಿದ್ದೇನೂ ಅಲ್ಲ. ನನ್ನ ಸರದಿ ಬಂತು, ಮೂರನೇ ಬಾಯಿಯ ಕೆಳಗೆ ನಿಲ್ಲಿಸಿದೆ, ಇಳಿದೆ, ಮೆಟ್ಟಿಲಿಗೆ ಕೈ ಇಟ್ಟೆ. ಮೇಲೆ ನೋಡಿದರೆ ಕಂಬಿ ಇರಬೇಕಾದ ಜಾಗದಲ್ಲಿ ಬರೀ ಆಕಾಶ. ವಾಪಸ್ ಬಂದು ಕ್ಯಾಬಿನ್ ಹತ್ತಿ, ಎಂಜಿನ್ ಆರಿಸಿ, ಕೀಲಿಯನ್ನು ಕುಪ್ಪಸದೊಳಗೆ ಹಾಕಿಕೊಂಡು ಕೂತೆ.

ಲೋಡಿಂಗ್‌ನವನು ಮೇಲಿನಿಂದ, "ಏನಮ್ಮಾ, ಹತ್ತಲ್ವಾ?" ಎಂದ.

"ಕಂಬಿ ಹಾಕಿ, ಹತ್ತುತ್ತೀನಿ."

ಹಿಂದೆ ಹಾರ್ನ್ ಶುರುವಾಯಿತು. ಒಂದು, ನಾಲ್ಕು, ಆಮೇಲೆ ಎಲ್ಲ. ತಲೆಯೊಳಗೆ ಮೊಳೆ ಹೊಡೆದ ಹಾಗೆ. ಬಂದು ಬಾಗಿಲು ಗುದ್ದಿದರು. ಏನೇನೋ ಅಂದರು. ಅದರಲ್ಲಿ ಕೆಲವನ್ನು ಬರೆಯಲು ಕೈ ಬರುವುದಿಲ್ಲ. ಎಲ್ಲರೂ ಅಟ್ಯಾಚ್ ಗಾಡಿಯವರೇ. ದಿನಾ ಅಲ್ಲಿಗೆ ಹತ್ತುವವರೇ. ಕಂಪನಿಯವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಡ್ರೈವರ್‌ಗಳ ಮಾತಿಗೆ ಕಣ್ಣೀರು ಬಂತು, ಬಂದದ್ದಕ್ಕೆ ಇನ್ನಷ್ಟು ಉರಿಯಿತು.

ಗಡ್ಡಪ್ಪನೂ ಬಂದ. "ನನ್ನ ಒಂದು ಟ್ರಿಪ್ ಹೋಯ್ತು! ನಿನ್ನ ಮನೆಯೊಂದೇ ಮನೇನಾ? ನಮಗೆ ಹೆಂಡ್ತಿ ಮಕ್ಕಳಿಲ್ವಾ?"

"ಮೊನ್ನೆ ನೀವೇ ಹೋಗ್ತಿದ್ರಿ ಅಣ್ಣಾ. ಆವಾಗ ಹೆಂಡ್ತಿ ಮಕ್ಕಳು ಯಾವ ಟ್ರಿಪ್ ಎಣಿಸ್ತಿದ್ರು?"

ಅವನು ತಿರುಗಿ ಹೊರಟುಹೋದ.

ಆಯ್ತಾಯ್ತು ಬಂದ, ಅವನ ಹಿಂದೆ ಇಸ್ತ್ರಿ ಮಾಡಿದ ಅಂಗಿಯ ಮ್ಯಾನೇಜರ್. ಕ್ರೇನ್ ತರಿಸಿ ಎಳೆಸುತ್ತೇನೆ ಎಂದ ಮ್ಯಾನೇಜರ್. "ಎಳೀರಿ. ಬ್ರೇಕ್ ಹಿಡಿದಿದೆ. ಗಾಡಿ ಬರೋದಕ್ಕೆ ಮುಂಚೆ ನಿಮ್ಮ ಅಟ್ಟಣೆ ಕಂಬಾನೇ ಕಿತ್ತು ಬರುತ್ತೆ" ಎಂದೆ. ಪೊಲೀಸ್ ಎಂದ. "ಕರೀರಿ. ಅವರಿಗೂ ಆ ಅಟ್ಟಣೆ ತೋರಿಸ್ತೀನಿ" ಎಂದೆ. ಅವನು ಮೊದಲ ಸಲ ತಲೆ ಎತ್ತಿ ಮೇಲೆ ನೋಡಿದ. ನಿಜವಾಗಿಯೂ ಮೊದಲ ಸಲ. ಅವನು ಕತ್ತು ಎತ್ತಿದ ರೀತಿಯಲ್ಲೇ ಗೊತ್ತಾಯಿತು.

ಬಿಸಿಲು ನೆತ್ತಿಗೆ ಬಂತು. ಕ್ಯಾಬಿನ್ ಕುಲುಮೆ. ಕಿಟಕಿಯಲ್ಲಿ ಒಂದು ಕೈ ಕಾಣಿಸಿತು, ಕೈಯಲ್ಲಿ ನೀರಿನ ಬಾಟಲಿ. ಗಡ್ಡಪ್ಪ, ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದ.

"ಕುಡಿ. ಬೈಯೋದು ಇನ್ನೂ ಮುಗಿದಿಲ್ಲ, ಆಮೇಲೆ ಬೈತೀನಿ."

ಮಧ್ಯಾಹ್ನದ ಮೇಲೆ ಮ್ಯಾನೇಜರ್ ಕಳಿಸಿದ ವೆಲ್ಡರ್ ಬಂದ. ಪೈಪುಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಅಳತೆಗೆ ಕತ್ತರಿಸಿ, ತೂತು ಕೊರೆದು, ಸಿದ್ಧವಾಗಿದ್ದ ಪೈಪುಗಳು. ನಾನು ಇಳಿದು ಹೋಗಿ ಕೇಳಿದೆ, ಇಷ್ಟು ಬೇಗ ಹೇಗೆ ತಯಾರಾಯಿತು ಎಂದು.

"ಬೇಗ ಎಲ್ಲಿ ಬಂತಮ್ಮ? ಕತ್ತರಿಸಿ ಶೆಡ್ಡಲ್ಲಿಟ್ಟು ವರ್ಷ ಆಯ್ತು. ಹಾಕು ಅಂತ ಯಾರೂ ಹೇಳ್ಲಿಲ್ಲ."

ಅರ್ಧ ಗಂಟೆಯೂ ಆಗಲಿಲ್ಲ, ಹಾಕಿ ಮುಗಿಸಿದ. ಹತ್ತಿದೆ, ತುಂಬಿಸಿದೆ, ಹೊರಟೆ. ಯಾರೋ ಹಿಂದಿನಿಂದ ಚಪ್ಪಾಳೆ ಹೊಡೆದರು. ಬೆಳಿಗ್ಗೆ ಬಾಗಿಲು ಗುದ್ದಿದ ಕೈಯೇ ಇರಬೇಕು.

16 ಏಪ್ರಿಲ್, ಮಂಗಳವಾರ

ವರ್ಷದಿಂದ ಶೆಡ್ಡಿನಲ್ಲಿ ಬಿದ್ದಿತ್ತು. ಅರ್ಧ ಗಂಟೆಯ ಕೆಲಸ. ಇವರ ತೊಡೆ.

ಇನ್ನೇನು ಬರೆಯಲಿ.

24 ಏಪ್ರಿಲ್, ಬುಧವಾರ

ಟ್ರಿಪ್ ಇಲ್ಲ. ಕಳೆದ ವಾರದಿಂದ ಗಾಡಿ ಮನೆಯ ಮುಂದಿನ ಖಾಲಿ ಸೈಟಿನಲ್ಲಿ ನಿಂತಿದೆ. ನೆರೆಯವರ ಬೆಕ್ಕು ಬಾನೆಟ್ ಮೇಲೆ ಮಲಗುತ್ತಿದೆ. ಫೋನ್ ಮಾಡಿದರೆ, "ಆಯ್ತಾಯ್ತು, ಲೋಡ್ ಬಂದಾಗ ಹೇಳ್ತೀವಿ." ಗಡ್ಡಪ್ಪನನ್ನು ಕೇಳಿದರೆ ಲೋಡ್ ರಾಶಿ ಬಿದ್ದಿದೆ, ಗಾಡಿಗಳೇ ಸಾಲುತ್ತಿಲ್ಲವಂತೆ.

ಇಂದು ಮ್ಯಾನೇಜರ್ ನನಗಲ್ಲ, ಇವರಿಗೆ ಫೋನ್ ಮಾಡಿದ. ಗಾಡಿ ಬೇಕು, ಹೆಂಗಸು ಬೇಡ. ನೀವು ಬನ್ನಿ, ಇಲ್ಲವೇ ಬೇರೆ ಡ್ರೈವರ್ ಇಡಿ. ಇವರು "ಹ್ಞೂ ಸಾರ್, ಹ್ಞೂ ಸಾರ್" ಎನ್ನುತ್ತಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ. ಒಮ್ಮೆ ನನ್ನ ಮುಖ ನೋಡಿದ್ದರೂ ಸಾಕಿತ್ತು.

"ಕೋಲು ಹಿಡ್ಕೊಂಡು ಓಡಾಡ್ತಿದ್ದೀನಲ್ಲ. ಇನ್ನು ಸ್ವಲ್ಪ ದಿನ, ನಾನೇ ಹೋಗ್ತೀನಿ. ನಿನಗೂ ಸಾಕಾಗಿದೆ."

ನನಗೆ ಸಾಕಾಗಿದೆಯೆಂದು ಇವರಿಗೆ ಹೇಳಿದವರು ಯಾರು?

2 ಮೇ, ಗುರುವಾರ

ಸ್ಕೂಲಿನಿಂದ ಫೋನ್. ಹೊಸ ಡ್ರೈವರ್ ಸರಿಯಿಲ್ಲ, ಮಕ್ಕಳು ನಿಮ್ಮನ್ನೇ ಕೇಳುತ್ತಾರೆ, ಶಾಲೆ ಶುರುವಾಗುವಾಗ ಬರುತ್ತೀರಾ ಎಂದರು. ಆಗುವುದಿಲ್ಲ ಎಂದೆ. ಫೋನ್ ಇಟ್ಟ ಮೇಲೆ ಅತ್ತೆ, "ಗಾಡಿನೂ ನಿಂತಿದೆ, ಇದೂ ಬೇಡ್ವಾ?" ಎಂದರು. ಸುಮ್ಮನೆ ಫೋನ್ ಮಾಡಿ ಜನರ ತಲೆ ಕೆಡಿಸುತ್ತಾರೆ.

ಮಧ್ಯಾಹ್ನ ಬೆಕ್ಕನ್ನು ಓಡಿಸಿ ಗಾಡಿ ತೊಳೆದೆ. ಬ್ಯಾಟರಿ ಇಳಿಯಬಾರದೆಂದು ಎಂಜಿನ್ ಹಾಕಿ ಸ್ವಲ್ಪ ಹೊತ್ತು ಒಳಗೇ ಕೂತಿದ್ದೆ.

14 ಮೇ, ಮಂಗಳವಾರ

ಬೆಳಿಗ್ಗೆ ಇವರು ಕೀಲಿ ಕೇಳಿದರು. ಕೊಟ್ಟೆ. ನಾನೇಕೆ ಬೇಡ ಎನ್ನಲಿ?

ಕ್ಯಾಬಿನ್ ಹತ್ತಲು ಎರಡು ಸಲ ಕಾಲು ಎತ್ತಿದರು. ಮಗಳು ಹಿಂದಿನಿಂದ ಹಿಡಿದುಕೊಂಡಳು. ಕೂತು, "ಸೀಟು ಯಾಕೆ ಇಲ್ಲಿದೆ?" ಎಂದು ಹಿಂದಕ್ಕೆ ತಳ್ಳಿದರು. ಎಂಜಿನ್ ಹಾಕಿದರು. ಕ್ಲಚ್ ತುಳಿದರು. ಎಡಗಾಲೇ ಮುರಿದದ್ದು. ಅರ್ಧಕ್ಕೆ ಹೋಗಿ ಕಾಲು ಗಡಗಡ ನಡುಗಿತು. ಮತ್ತೆ ತುಳಿದರು. ಕುತ್ತಿಗೆಯ ನರ ಉಬ್ಬಿತು. ಗಾಡಿ ಒಂದು ಸಲ ಹಾರಿ ಆರಿಹೋಯಿತು.

ತುಂಬ ಹೊತ್ತು ಇಳಿಯಲಿಲ್ಲ. ಮಗಳು, "ಅಮ್ಮಾ, ಹೋಗು" ಎಂದಳು. ಹೋಗಲಿಲ್ಲ. ಹೋಗಿ ಏನು ಹೇಳುವುದು? ಪಾಪ ಎನ್ನಲೇ? ಆ ಕಾಲು ನೋಡಿ ಪಾಪ ಎನಿಸುವಷ್ಟರಲ್ಲಿ ಶೆಡ್ಡಿನಲ್ಲಿದ್ದ ಪೈಪುಗಳೇ ಕಣ್ಣಿಗೆ ಬರುತ್ತವೆ. ಕೊನೆಗೆ ಹೋದೆ. ಇವರು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು.

"ಯಾವನಾದ್ರೂ ಡ್ರೈವರ್‌ನ ನೋಡ್ತೀನಿ" ಎಂದರು.

"ಡ್ರೈವರ್ ಇಲ್ಲೇ ನಿಂತಿದ್ದಾಳೆ ರೀ. ಕಣ್ಣಿಗೂ ರಾಡ್ ಹಾಕಿಸ್ಬೇಕಾ?"

ನಾನು ಬೈದದ್ದು. ಇವರಿಗೆ ನಗು ಬಂತು. ನಗುತ್ತ ನಗುತ್ತ ಮುಖ ಆಚೆ ಮಾಡಿ ಅಂಗಿಯ ತೋಳಿನಿಂದ ಒರೆಸಿಕೊಂಡರು.

15 ಮೇ, ಬುಧವಾರ

ಇವರು ಮ್ಯಾನೇಜರ್‌ಗೆ ತಾವೇ ಫೋನ್ ಮಾಡಿದರು. ಸ್ಪೀಕರ್ ಹಾಕಿ, ನಮ್ಮೆಲ್ಲರನ್ನೂ ಎದುರಿಗೆ ಕೂರಿಸಿಕೊಂಡು.

"ಸಾರ್, ನಾನು ನಿಮ್ಮ ನೌಕರ ಅಲ್ಲ, ಓನರ್ ಅಂತ ನಿಮ್ಮವರೇ ಹೇಳಿದ್ದಾರೆ. ಗಾಡಿಗೆ ಯಾರು ಡ್ರೈವರ್ ಅಂತ ಓನರ್ ಹೇಳ್ತಾನೆ. ನನ್ನ ಹೆಂಡ್ತಿ ಬರ್ತಾಳೆ. ಬೇಡ ಅಂದ್ರೆ ಬಾಗಿಲ ಮೇಲಿರೋ ನಿಮ್ಮ ಹೆಸರು ಇವತ್ತೇ ಅಳಿಸಿಬಿಡ್ತೀನಿ. ನಿಮ್ಮ ಹತ್ತಿರ ಗಾಡಿ ಸಾಲ್ತಿಲ್ಲ ಅಂತ ಕೇಳ್ದೆ."

ಮ್ಯಾನೇಜರ್ ನಾಳೆಯಿಂದ ಕಳಿಸಿ ಎಂದ.

ಅತ್ತೆ ನನ್ನನ್ನು ಮೊಣಕೈಯಿಂದ ತಿವಿದರು. ಮಗಳು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ನಾನು ಎದ್ದು ಹೋಗಿ ಸೀಟನ್ನು ಮುಂದಕ್ಕೆ ಎಳೆದು ಬಂದೆ. ಈ ಮಾತು ಮೂರು ವಾರದ ಹಿಂದೆ ಬಂದಿದ್ದರೆ ಇಷ್ಟು ಟ್ರಿಪ್ ಹೋಗುತ್ತಿರಲಿಲ್ಲ.

20 ಮೇ, ಸೋಮವಾರ

ಇವರೂ ಜೊತೆಗೆ ಬರುತ್ತೇನೆ ಎಂದರು. ಪಕ್ಕದ ಸೀಟಿನಲ್ಲಿ ಕೋಲು ಹಿಡಿದು ಕೂತರು. ದಾರಿಯುದ್ದಕ್ಕೂ, "ಗೇರ್ ಇಳಿಸು", "ಅವನು ನುಗ್ತಾನೆ ನೋಡು", "ತಿರುವಲ್ಲಿ ನಿಧಾನ." ಕಾರ್ಖಾನೆಯ ತೂಕದ ಕಟ್ಟೆ ಬರುವ ಹೊತ್ತಿಗೆ ತಡೆಯಲಾಗಲಿಲ್ಲ. ಇನ್ನೊಂದು ಮಾತಾಡಿದರೆ ಇಲ್ಲೇ ಇಳಿಸಿ ಹೋಗುತ್ತೇನೆ ಎಂದೆ. ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, "ಗಾಡಿ ಸದ್ದು ಚೆನ್ನಾಗಾಗಿದೆ" ಎಂದು ಮೆಲ್ಲಗೆ ಹೇಳಿದರು. ಕೇಳಿಸದ ಹಾಗೆ ಇದ್ದೆ.

ಮೂರನೇ ಬಾಯಿಯ ಹತ್ತಿರ ಇಳಿದು, ಕೋಲು ಊರಿ, ತಲೆ ಎತ್ತಿ ನಿಂತರು.

"ಎಷ್ಟು ಎತ್ತರ ಇದೆ ಕಣೆ. ಕೆಳಗಿಂದ ಯಾವತ್ತೂ ಸರಿಯಾಗಿ ನೋಡೇ ಇರ್ಲಿಲ್ಲ."

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಕ್ಷಣ ಗೊತ್ತಾಗಲಿಲ್ಲ. ಮೇಲೆ ಹತ್ತಿದೆ. ಕಂಬಿ ಗಟ್ಟಿಯಾಗಿದೆ. ಆದರೆ ಸೊಂಟಕ್ಕೆ ಕಟ್ಟುವ ಹಗ್ಗ ಇನ್ನೂ ಇಲ್ಲ. ಪಕ್ಕದ ಎರಡು ಬಾಯಿಗಳಲ್ಲಿ ಹೊಚ್ಚ ಹೊಸದು ತೂಗುತ್ತಿದೆ.

ಲೋಡ್ ಆದ ಮೇಲೆ ಇಳಿದು ಆಫೀಸಿನ ಕಡೆ ಹೊರಟೆ.

"ಮೊದಲ ವಾರಾನೇ ಬೇಡ ಕಣೆ" ಎಂದರು ಇವರು.

"ಬರೋದಾದ್ರೆ ಬನ್ನಿ."

ಬಂದರು. ಕೋಲಿನ ಸದ್ದು ನನ್ನ ಹಿಂದೆಯೇ ಬರುತ್ತಿತ್ತು. ಗಾಡಿ ಬಾಯಿಯ ಕೆಳಗೇ ಇತ್ತು, ಕ್ಯೂನಲ್ಲಿ ಯಾವನೋ ಹಾರ್ನ್ ಹೊಡೆದ. ಗಡ್ಡಪ್ಪ ಅವನಿಗೆ ಬೈಯುವುದು ಆಫೀಸಿನವರೆಗೂ ಕೇಳಿಸಿತು.

ಗಾಜು ತಟ್ಟಿದೆ. ಹಗ್ಗ ನಾಳೆ ಬೆಳಿಗ್ಗೆ ಬರುತ್ತದಂತೆ. ಬಂದರೆ ಸರಿ. ಬರದಿದ್ದರೆ ನನ್ನ ಗಾಡಿ ಎಲ್ಲಿ ನಿಲ್ಲುತ್ತದೆಂದು ಆಯ್ತಾಯ್ತುವಿಗೆ ಗೊತ್ತಿದೆ.